ಹೊರದೇಶದ ಪದವಿ

"ದೇಶ ಸುತ್ತು, ಕೋಶ ಓದು" ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ವಿದೇಶದ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆಯುವವನಿಗೆ ಈ ಎರಡು ಲಾಭಗಳೂ ಒಮ್ಮೆಗೇ ದೊರೆಯುತ್ತವೆಂದು ಜನರು ಭಾವಿಸುವುದು ಸಹಜ. ಆದರೆ ಆ ಪದವಿಗೆ ತೆರಬೇಕಾದ ಬೆಲೆ ಎಷ್ಟು, ಅದನ್ನು ತೆರುವವರು ಯಾರು, ಅದರ ಫಲವು ಯಾರಿಗೆ ಸಲ್ಲುತ್ತದೆ ಎಂದು ವಿಚಾರಿಸುವವರು ವಿರಳ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಬಿಳಿಚೋಡಿನಂತಹ ಊರಿನಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇದು ಮಳೆಯನ್ನೇ ನೆಚ್ಚಿದ ಸೀಮೆ. ಮುಂಗಾರು ಕೈಕೊಟ್ಟರೆ ಮೆಕ್ಕೆಜೋಳವೂ ಇಲ್ಲ, ರಾಗಿಯೂ ಇಲ್ಲ, ಶೇಂಗಾವೂ ಇಲ್ಲ. ಇಂತಹ ನೆಲವನ್ನು ನಂಬಿದ ರೈತನು ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳುಹಿಸಬೇಕಾದರೆ ಸಾಲ ಮಾಡಬೇಕು. ಸಾಲಕ್ಕೆ ಹೊಲವನ್ನೇ ಅಡವಿಡಬೇಕು. ಸಿರಿವಂತನಿಗೆ ಅದು ಕೇವಲ ಖರ್ಚು. ಇವನಿಗೆ ಅದು ಪಣ. ಓದು ಕೈಗೂಡದಿದ್ದರೆ ಮನೆಮಂದಿಯ ಅನ್ನಕ್ಕೇ ಸಂಚಕಾರ ಬರುವುದು.

ಹಾಗಾದರೆ ಬಡವರ ಮಕ್ಕಳಿಗೆ ಹೊರನಾಡಿನ ವಿದ್ಯೆ ಬೇಡವೇ? ಹಾಗೆನ್ನಲಾಗದು. ಡಾ. ಎಚ್. ನರಸಿಂಹಯ್ಯನವರ ಬಾಳು ಈ ಪ್ರಶ್ನೆಗೆ ಉತ್ತರವಾಗಿದೆ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಜನಿಸಿದ ಅವರು ಹೈಸ್ಕೂಲು ಓದಲೆಂದು ಕಾಲ್ನಡಿಗೆಯಲ್ಲಿ ಬೆಂಗಳೂರು ಸೇರಿದರು. 1942ರ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡರು. ಭೌತವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅನಂತರ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ 1960ರಲ್ಲಿ ಡಾಕ್ಟರೇಟ್ ಗಳಿಸಿದರು. ಮರಳಿ ಬಂದು ತಾವು ದುಡಿದ ಕಾಲೇಜಿಗೇ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ ವಿಜ್ಞಾನವನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಇಷ್ಟಾದರೂ ಅವರು ಖಾದಿಯ ಉಡುಪನ್ನಾಗಲಿ, ವಿದ್ಯಾರ್ಥಿನಿಲಯದ ಕೊಠಡಿಯ ವಾಸವನ್ನಾಗಲಿ ತೊರೆಯಲಿಲ್ಲ.

ರಾಜೇಶ್ವರಿ ಚಟರ್ಜಿಯವರ ಸಾಧನೆಯೂ ಇಂತಹುದೇ. ಹೆಣ್ಣುಮಕ್ಕಳು ಇಂಜಿನಿಯರಿಂಗ್ ಓದುವುದೇ ಅಪರೂಪವಾಗಿದ್ದ ಕಾಲದಲ್ಲಿ, 1947ರಲ್ಲಿ, ಅವರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. 1953ರಲ್ಲಿ ತಾಯ್ನಾಡಿಗೆ ಮರಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ವಿಜ್ಞಾನವನ್ನು ಬೋಧಿಸಿದರು.

ಇವರಿಬ್ಬರೂ ಹೊರದೇಶದಿಂದ ತಂದದ್ದು ಬರಿಯ ಪ್ರಮಾಣಪತ್ರವನ್ನಲ್ಲ. ಸುಸಜ್ಜಿತ ಪ್ರಯೋಗಾಲಯದ ಶಿಸ್ತು, ಗುರುವನ್ನೂ ಅಂಜದೆ ಪ್ರಶ್ನಿಸುವ ಧೈರ್ಯ, ತನ್ನ ನಾಡಿನ ಗುಣದೋಷಗಳನ್ನು ದೂರದಿಂದ ನೋಡುವ ದೃಷ್ಟಿ ಇವು ಅಂತಹ ವ್ಯಾಸಂಗದ ನಿಜವಾದ ಗಳಿಕೆ. ಪದವಿಯೊಂದೇ ವಿದ್ಯೆಯ ಅಳತೆಗೋಲಲ್ಲ ಎಂಬುದಕ್ಕೂ ನಿದರ್ಶನಗಳುಂಟು. ಸರ್ ಸಿ.ವಿ. ರಾಮನ್ ಅವರು ಓದಿದ್ದು ಭಾರತದಲ್ಲಿಯೇ. ಕಲ್ಕತ್ತೆಯಲ್ಲಿ ನಡೆಸಿದ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು, ಬಳಿಕ ದೇಶವಿದೇಶಗಳನ್ನು ಸುತ್ತಿ ಅನುಭವ ಗಳಿಸಿದರು.

ಆದುದರಿಂದ "ವಿದೇಶ" ಎಂಬ ಹೆಸರಿಗೇ ಮರುಳಾಗುವುದು ವಿವೇಕವಲ್ಲ. ಹೊರದೇಶದಲ್ಲಿ ವೈದ್ಯಪದವಿ ಪಡೆದ ಮಾತ್ರಕ್ಕೆ ಭಾರತದಲ್ಲಿ ವೃತ್ತಿ ನಡೆಸಲು ಸಾಧ್ಯವಿಲ್ಲ. ಅದಕ್ಕಾಗಿ ಇಲ್ಲಿ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗುವುದು ಅಗತ್ಯ. 2022ರಲ್ಲಿ ಯುಕ್ರೇನ್ ಯುದ್ಧಕ್ಕೆ ಸಿಲುಕಿದಾಗ ಕರ್ನಾಟಕದ ಅನೇಕ ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಹೊಲ ಅಡವಿಡುವ ಮುನ್ನ ಆ ಪದವಿಗೆ ಇಲ್ಲಿ ಮಾನ್ಯತೆಯುಂಟೇ, ಅದೇ ವಿದ್ಯೆ ನಾಡಿನಲ್ಲಿಯೇ ದೊರೆಯುವುದೇ, ವಿದ್ಯಾರ್ಥಿವೇತನಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಬೇಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವುಂಟೆಂಬುದು ಎಷ್ಟೋ ಹಳ್ಳಿಗಳಲ್ಲಿ ತಿಳಿಯದು. ಮಧ್ಯವರ್ತಿಯ ಮಾತಿಗಿಂತ ಇಂತಹ ತಿಳಿವಳಿಕೆ ಹೆಚ್ಚು ನಂಬಿಕೆಗೆ ಅರ್ಹ.

ಓದಲು ಹೋಗಿ ಅಲ್ಲಿಯೇ ನೆಲೆಸಿದವರನ್ನೆಲ್ಲ ದೂರುವುದೂ ನ್ಯಾಯವಲ್ಲ. ಮನೆಯ ಸಾಲ ತೀರುವವರೆಗೆ ಅಲ್ಲಿ ದುಡಿಯುವುದು ಹಲವರಿಗೆ ಅನಿವಾರ್ಯ. ಆದರೆ ಬ್ಯಾಂಕಿನ ಸಾಲ ತೀರಿದ ಮೇಲೆಯೂ ಮತ್ತೊಂದು ಋಣ ಉಳಿದೇ ಇರುತ್ತದೆ. ಅದು ಅಕ್ಷರ ಕಲಿಸಿದ ಊರಶಾಲೆಯ ಋಣ. ತಾವು ಓದದೆ ಮಕ್ಕಳನ್ನು ಓದಿಸಿದವರ ಋಣ. ಬಿಳಿಚೋಡಿನಿಂದ ಹೊರಟ ಬಾಲಕನೋ ಬಾಲಕಿಯೋ ಎಲ್ಲಿಯೇ ನೆಲೆಸಲಿ, ಪಡೆದ ವಿದ್ಯೆಯಿಂದ ಆ ಊರಿನ ಇನ್ನೊಂದು ಮಗುವಿನ ದಾರಿ ಸುಗಮವಾದರೆ ಆ ಪದವಿಗೆ ತೆತ್ತ ಬೆಲೆ ಸಾರ್ಥಕವಾದಂತೆ.