ರಸಾಯನಶಾಸ್ತ್ರವೂ ಅಡಿಕೆ ತೋಟವೂ

ರಸಾಯನಶಾಸ್ತ್ರವೆಂದೊಡನೆ ನಮ್ಮ ಹೈಸ್ಕೂಲು ಮಕ್ಕಳ ಮುಖ ಬಾಡುವುದೇಕೆ? ವಿಷಯವೇ ಕಠಿಣವೆಂದು ಕೆಲವರೂ, ಮಕ್ಕಳಿಗೆ ಶ್ರದ್ಧೆ ಸಾಲದೆಂದು ಕೆಲವರೂ ಹೇಳುವುದುಂಟು. ಈ ಎರಡು ಮಾತನ್ನೂ ನಾನು ಒಪ್ಪಲಾರೆ. ಕಣ್ಣಿನಿಂದ ನೋಡಿ, ಕೈಯಿಂದ ಮಾಡಿ ತಿಳಿಯಬೇಕಾದ ಶಾಸ್ತ್ರವನ್ನು ಕಿವಿಯಿಂದ ಕೇಳಿ ಬಾಯಿಯಿಂದ ಒಪ್ಪಿಸುವಂತೆ ಮಾಡಿದುದೇ ಇದಕ್ಕೆ ಕಾರಣವೆಂದು ನನ್ನ ನಂಬಿಕೆ. ಸಮೀಕರಣಗಳಿಗೆ ಅಂಜಿ ಕಲಾವಿಭಾಗಕ್ಕೆ ಬಂದವರು ನಮ್ಮಲ್ಲಿಯೂ ಕೆಲವರು ಇರಬಹುದು.

"ಪ್ರಯೋಗ ಮಾಡಿಸೋಣವೆಂದರೆ ಸಲಕರಣೆಯೆಲ್ಲಿದೆ? ಪಾಠ ಮುಗಿಸಲು ವೇಳೆಯೆಲ್ಲಿದೆ?" ಎಂದು ಉಪಾಧ್ಯಾಯರು ಕೇಳಬಹುದು. ಹಳ್ಳಿಯ ಶಾಲೆಗಳನ್ನು ಬಲ್ಲವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಆದರೆ ಘಟ್ಟದ ಬುಡದ ನಮ್ಮ ಸಿದ್ದಾಪುರದ ಸುತ್ತಮುತ್ತ, ಮಳೆಗಾಲ ಬಂದಿತೆಂದರೆ ಅಡಿಕೆ ಬೆಳೆಯುವವರ ಅಂಗಳದಲ್ಲಿ ಒಂದು ದೊಡ್ಡ ಪ್ರಯೋಗವೇ ನಡೆಯುತ್ತದೆ. ಕೊಳೆರೋಗ ತಗಲದಂತೆ ಬಿಡುವ ಬೋರ್ಡೋ ಮದ್ದನ್ನು ಅಲ್ಲಿ ತಯಾರಿಸುತ್ತಾರೆ.

ಈ ಮದ್ದಿನ ಕಥೆಯೂ ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣಗಳನ್ನು ಎರಚುತ್ತಿದ್ದರು. ಆ ಬಳ್ಳಿಗಳು ಬೂಜುರೋಗದಿಂದ ಪಾರಾದುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಗಮನಿಸಿ, 1885ರಲ್ಲಿ ಈ ಮಿಶ್ರಣವನ್ನು ಲೋಕಕ್ಕೆ ತಿಳಿಸಿದನು. ಮೈಸೂರು ಸಂಸ್ಥಾನದಲ್ಲಿ ಕೃಷಿವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಅದನ್ನು ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ ತೋರಿಸಿದರು.

ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರು ನೀರು: ಇದು ಶೇಕಡ 1ರ ದ್ರಾವಣದ ಲೆಕ್ಕ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕಲಸಿ ಕೂಡಿಸಿದ ಬಳಿಕ, ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವುದು ವಾಡಿಕೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ. ಅಂಥ ಮದ್ದು ಗಿಡದ ಎಳೆಯ ಭಾಗಗಳನ್ನು ಸುಡಬಲ್ಲುದು. ಆದುದರಿಂದ ಇನ್ನಷ್ಟು ಸುಣ್ಣ ಬೆರೆಸುತ್ತಾರೆ.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲನೆಯ ಅಧ್ಯಾಯದಲ್ಲಿ ಇರುವುದೇನು? ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನು ಸುಮಾರು 20 ನಿಮಿಷ ಇಟ್ಟರೆ ಮೊಳೆ ಕಂದುಬಣ್ಣಕ್ಕೆ ತಿರುಗುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಇದು ಸ್ಥಾನಪಲ್ಲಟ ಕ್ರಿಯೆ. ಆ ಮೊಳೆಯೂ ಮನೆಯ ಕತ್ತಿಯೂ ಹೇಳುವುದು ಒಂದೇ ಮಾತೆಂದು ತಿಳಿಸಿಕೊಡುವವರು ವಿರಳ. ತಾಮ್ರದ ಸಲ್ಫೇಟೆಂದರೆ ಮೈಲುತುತ್ತೇ ಎಂದು ತಿಳಿಯದೆಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು!

ತರಗತಿಗೆ 100 ಲೀಟರು ಬೇಡ. ಒಂದು ಗ್ರಾಂ ಮೈಲುತುತ್ತನ್ನು 100 ಮಿಲಿಲೀಟರು ನೀರಿನಲ್ಲಿ ಕರಗಿಸಲಿ. ಅದಕ್ಕೆ ಅರಳಿದ ಸುಣ್ಣವನ್ನು ಚಿಟಿಕೆ ಚಿಟಿಕೆಯಾಗಿ ತೂಗಿ ಕೂಡಿಸುತ್ತ, ಪ್ರತಿ ಸಲವೂ ಉಜ್ಜಿದ ಹೊಸ ಮೊಳೆಯನ್ನು ಅದ್ದಲಿ. ಕೆಂಪು ಕೂರುವುದು ಯಾವಾಗ ನಿಂತಿತು? ಅರಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದ ಯಾವಾಗ ಕೆಂಪಾಯಿತು? ಮೊದಲನೆಯದು ತಾಮ್ರ ಮುಗಿದುದನ್ನೂ, ಎರಡನೆಯದು ಸುಣ್ಣ ಮಿಕ್ಕುದನ್ನೂ ತಿಳಿಸುತ್ತದೆ. ಸಮೀಕರಣದ ಲೆಕ್ಕದಂತೆ ಶುದ್ಧವಾದ ಅರಳಿದ ಸುಣ್ಣ ಸುಮಾರು 0.3 ಗ್ರಾಂ ಇದ್ದರೆ ಸಾಕು. ಹಾಗಾದರೆ ರೈತನು ಸಮಸಮ ಹಾಕುವುದೇಕೆ? ಅಂಗಡಿಯ ಸುಣ್ಣ ಶುದ್ಧವಲ್ಲ. ಗಾಳಿಗೆ ತೆರೆದಿಟ್ಟ ಸುಣ್ಣದ ಸತ್ತ್ವವೂ ಕುಂದುತ್ತದೆ. ಈ ಉತ್ತರವನ್ನು ತಾನಾಗಿ ಕಂಡುಕೊಂಡ ಹುಡುಗಿಗೆ ಸಮೀಕರಣವನ್ನು ಬಾಯಿಪಾಠ ಮಾಡಬೇಕಾದ ಕಷ್ಟವಿಲ್ಲ.

ಎಚ್ಚರಿಕೆಯೂ ಬೇಕು. ಮೈಲುತುತ್ತು ವಿಷ; ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಅಡಿಗೆಯ ಪಾತ್ರೆಗಳನ್ನು ಬಳಸಬಾರದು. ಉಪಾಧ್ಯಾಯರ ಎದುರಿನಲ್ಲಲ್ಲದೆ ಮಾಡಬಾರದು.

ತೋಟವಿಲ್ಲದ ಮಕ್ಕಳ ಗತಿಯೇನೆಂದು ಕೇಳುವವರಿರಬಹುದು. ಜಡಿಮಳೆಯ ನಡುವೆ ಮರ ಹತ್ತಿ ಮದ್ದು ಬಿಡುವವರು ಹೆಚ್ಚಾಗಿ ಕೂಲಿಯವರೇ ಅಲ್ಲವೇ? ಅವರ ಮಕ್ಕಳು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುವುದುಂಟು. ಈ ಪಾಠದ ದಿನ ಮೊದಲು ಬಾಯಿ ತೆರೆಯುವವರು ಅವರೇ ಆದಾರು. ಇದೊಂದು ಲಾಭಕ್ಕಾಗಿಯಾದರೂ ಪಾಠದ ಎರಡು ಗಂಟೆಗಳನ್ನು ಮೀಸಲಿಡಬಾರದೇ?

ಕಲಾವಿದ್ಯಾರ್ಥಿಗಳಾದ ನಮಗೆ ಇದರಲ್ಲೇನು ಕೆಲಸ? ವಿಜ್ಞಾನದ ಪದವಿಯಿಲ್ಲದ ಕೋಟದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟರು. ನಾವು ಅಷ್ಟನ್ನು ಮಾಡಲಾರೆವು. ಬರುವ ಮಳೆಗಾಲದಲ್ಲಿ ತೋಟಗಳಿಗೆ ಹೋಗಿ, ಮದ್ದು ಕಲಸುವವರು ಆಡುವ ಮಾತುಗಳನ್ನು ಬರೆದುಕೊಂಡು, ಪುಸ್ತಕದ ಹೆಸರುಗಳೊಡನೆ ಜೋಡಿಸಿ ಒಂದು ಹಾಳೆಯನ್ನಾದರೂ ಹತ್ತಿರದ ಹೈಸ್ಕೂಲಿಗೆ ಕೊಡಬಹುದು. ನಮ್ಮಲ್ಲಿ ಮುಂದೆ ಉಪಾಧ್ಯಾಯರಾಗಲಿರುವವರು ಈ ಮಾತನ್ನು ವಿಚಾರಿಸಿ ನೋಡಬೇಕೆಂದು ನನ್ನ ವಿನಂತಿ.