ಬ್ಯಾಟರಿ ದೊಡ್ಡದಾದ್ರ ಕೆಲಸ ದೊಡ್ಡದಾಗೂದಿಲ್ಲ

ಅಕ್ಕಾರ, ವೈನಿ, ಕಾಕು, ಎಲ್ಲಾರೂ ಓದ್ರಿ. ನಮ್ಮ ಮನಿತನದಾಗ ಈಗ ಒಂದು ಹೊಸಾ ಹುಚ್ಚು ಹಬ್ಬೇತಿ. ಯಾರ ಮನಿಗೆ ಹೋದ್ರೂ ಕಪಾಟಿನ ಮ್ಯಾಲ ಒಂದು ಬ್ಯಾಟರಿ ಡ್ರಿಲ್ ಇರ್ತೈತಿ. ವೈರ್ ಇಲ್ಲದ್ದು. ಅದರ ಬುಡಕ್ಕ ಅರ್ಧ ಇಟ್ಟಂಗಿಯಷ್ಟು ಬ್ಯಾಟರಿ. ತಂದಾವರು ಗಂಡಸರು. "ಐದು ಎಎಚ್ ಐತಿ" ಅಂತ ಹೇಳೂದು ಹೆಂಗಂದ್ರ, ಐದು ಎಕರೆ ಹೊಲ ಖರೀದಿ ಮಾಡಿ ಬಂದಂಗ. ಆದ್ರ ಪಡದಾದ ರಾಡ್ ಸಡ್ಲಾದ್ರ, ಅಡಗಿಮನಿ ಸ್ಟ್ಯಾಂಡ್ ಜೋತಬಿದ್ರ, ಕಿಟಕಿಗೆ ಸೊಳ್ಳಿ ಜಾಳಗಿ ಬಡಿಯೂದಿದ್ರ ಅದನ್ನ ಹಿಡಿಯೂ ಕೈ ಯಾರದು? ಸ್ಟೂಲ್ ಮ್ಯಾಲ ನಿಂತು, ತಲಿ ಮ್ಯಾಲ ಕೈ ಎತ್ತಿ ಹಿಡಿಯಾಕ ನಾವು. ಬ್ಯಾಟರಿ ಆರಿಸಾಕ ಅವರು. ಇದು ಯಾವ ನ್ಯಾಯ?

ನನ್ನ ಮಾತು ಇಷ್ಟ: ಮನಿ ಕೆಲಸಕ್ಕ 2 ಎಎಚ್ ಬ್ಯಾಟರಿ ಸಾಕು. ಸಾಲದಂದ್ರ ಅಂಥಾದ್ದ ಇನ್ನೊಂದು ತಗೋರಿ, ದೊಡ್ಡದು ಬ್ಯಾಡ.

ಲೆಕ್ಕ ಹೇಳ್ತೀನಿ. ಗಚ್ಚಿ ಮ್ಯಾಲಿನ ನೀರಿನ ಟಾಕಿ ನೆನಸ್ಕೋರಿ. ಟಾಕಿ ಎತ್ತರ ಇದ್ದಷ್ಟು ನಳದಾಗ ನೀರು ಜೋರು. ಅದು ವೋಲ್ಟ್. ಟಾಕಿ ದೊಡ್ಡದಿದ್ದಷ್ಟು ನೀರು ಭಾಳೊತ್ತು ಬರ್ತೈತಿ. ಅದು ಎಎಚ್, ಅಂದ್ರ ಆಂಪಿಯರ್ ಅವರ್. ಟಾಕಿ ಎಷ್ಟು ಅಗಲ ಮಾಡಿದ್ರೂ ನಳದಾಗಿನ ಜೋರು ಹೆಚ್ಚಾಗೂದಿಲ್ಲ. ಇದನ್ನ ನಮ್ಮ ಭಾವನೋರಿಗೆ ಮೂರು ಸಲ ಹೇಳೇನಿ, ಮೂರೂ ಸಲ ಹೂಂ ಅಂದು ಪೇಪರ್ ಓದಾಕ ಕುಂತಾರ.

ಎರಡೂ ಗುಣಿಸಿದ್ರ ಒಳಗ ಎಷ್ಟು ಕರೆಂಟು ತುಂಬೇತಿ ಅನ್ನೂದು ಗೊತ್ತಾಗ್ತೈತಿ. 18 ವೋಲ್ಟ್, 2 ಎಎಚ್ ಅಂದ್ರ 36 ವ್ಯಾಟ್ ಅವರ್. ಲೈಟ್ ಬಿಲ್ಲಿನ ಒಂದು ಯುನಿಟ್ಟಿಗೆ 1000 ವ್ಯಾಟ್ ಅವರ್, ಅದರ ಮುಂದ ಇದು ಏನೂ ಅಲ್ಲ ಅನಸ್ತೈತಿ. ಆದ್ರ ಡ್ರಿಲ್ ತಿರುಗೂ ಮುಂದ 200 ವ್ಯಾಟ್ ಎಳೀತು ಅಂತ ಹಿಡೀರಿ, ಆದ್ರೂ ಹತ್ತು ನಿಮಿಷ ಒಂದ ಸಮ ತಿರುಗ್ತೈತಿ. ಒಂದು ತೂತಿಗೆ 20 ಸೆಕೆಂಡ್ ಹಿಡಿದ್ರ 30 ತೂತು. ಒಂದು ಕಿಟಕಿ ಪಡದಾಕ್ಕ ಎರಡು ಕ್ಲ್ಯಾಂಪ್, ನಾಕು ತೂತು. ಅಂದ್ರ ಒಂದ ಚಾರ್ಜಿನಾಗ ಏಳು ಕಿಟಕಿ. ಶಹಾಪುರ, ವಡಗಾವಿ ಕಡೆ ನಮ್ಮ ಮನಿಗೋಳಿಗೆ ಏಳು ಕಿಟಕಿ ಎಲ್ಲಿ ಅದಾವ್ರೀ?

ಇನ್ನ ಭಾರದ ಮಾತು. ಬ್ಯಾಟರಿ ಒಳಗ ಟಾರ್ಚಿನ ಸೆಲ್ಲಿನಂಗ ದುಂಡನ್ನ ಲಿಥಿಯಂ ಸೆಲ್ ಇರ್ತಾವ. ಒಂದೊಂದು 3.6 ವೋಲ್ಟಿಂದು, 45-50 ಗ್ರಾಂ ತೂಕ. ಐದು ಸಾಲಾಗಿ ಜೋಡಿಸಿದ್ರ 18 ವೋಲ್ಟ್ ಆತು, ಸಾಮಾನ್ಯವಾಗಿ ಇದು 2 ಎಎಚ್ ಬ್ಯಾಟರಿ. 4 ಎಎಚ್, 5 ಎಎಚ್ ಅಂದ್ರ ಭಾಳ ಮಟ್ಟಿಗೆ ಅಂಥಾವ ಐದೈದರ ಎರಡು ಸಾಲು, ಹತ್ತು ಸೆಲ್. ಸೆಲ್ಲಿಂದ ಪಾವ್ ಕಿಲೋ ಹೆಚ್ಚಿಗೆ, ಮ್ಯಾಲ ಡಬ್ಬಿದು ಬ್ಯಾರೆ. ಪಾವ್ ಕಿಲೋ ಏನು ಮಹಾ ಅಂತೀರಿ. ಪಾವ್ ಕಿಲೋ ಬೆಲ್ಲದ ಹೆಂಟಿ ಕೈಯಾಗ ಹಿಡದು, ಕೈ ನೀಟಾಗಿ ತಲಿ ಮ್ಯಾಲ ಎತ್ತಿ ಐದು ನಿಮಿಷ ನಿಂದರ್ರಿ, ಆಮ್ಯಾಲ ಮಾತಾಡೂಣು. ನಮ್ಮ ವಯಸ್ಸಿನಾಗ ಎಷ್ಟು ಮಂದಿಗೆ ಭುಜ ಹಿಡದಾವ, ಮಣಿಕಟ್ಟು ನೋಯ್ತಾವ!

"ಬ್ಯಾಟರಿ ನಡುವ ಸತ್ರ?" ಅಂತ ಕೇಳ್ತಾರ. ಅದಕ್ಕ ಎರಡು ಸಣ್ಣವು ಇರಬೇಕನ್ನೂದು. ಒಂದು ಕೈಯಾಗ, ಒಂದು ಚಾರ್ಜಿಗೆ. ಎರಡು 2 ಎಎಚ್ ಕೂಡಿಸಿದ್ರ ಒಂದು 4 ಎಎಚ್ ಬರೋಬ್ಬರಿ, ಕೈ ಮ್ಯಾಲ ಮಾತ್ರ ಅರ್ಧ ಭಾರ. 2 ಆಂಪಿಯರ್ ಚಾರ್ಜರ್ ಇದ್ರ ಸಣ್ಣದು ತಾಸಿನ ಮ್ಯಾಲ ಸ್ವಲ್ಪ ಹೊತ್ತಿನಾಗ ತುಂಬ್ತೈತಿ, ದೊಡ್ಡದಕ್ಕ ಎರಡು ತಾಸು ದಾಟ್ತೈತಿ. ಮಳಿಗಾಲದಾಗ ಖಾನಾಪುರದ ಕಡೆ, ಜಾಂಬೋಟಿ, ಕಣಕುಂಬಿ ಭಾಗದಾಗ ಗಿಡದ ಟೊಂಗಿ ಬಿದ್ದು ಕರೆಂಟು ಹೋಗಿ ಬಂದು ಮಾಡ್ತೈತಲ್ಲ, ಆವಾಗ ಸಿಕ್ಕ ಒಂದು ತಾಸಿನಾಗ ಒಂದಾದ್ರೂ ತುಂಬಿರ್ಬೇಕು.

ಇನ್ನ ಸಿಟ್ಟು ಬರೂ ಮಾತು ಒಂದೈತಿ. ಡಬ್ಬಿ ಮ್ಯಾಲ "48 ವಿಎಫ್", "88 ವಿಎಫ್" ಅಂತ ದೊಡ್ಡ ಅಕ್ಷರದಾಗ ಬರದು ಅಗ್ಗದ ಡ್ರಿಲ್ ಮಾರ್ತಾರ. ವಿ ಅಂದ್ರ ವೋಲ್ಟ್ ಅಂತ ನಾವು ತಿಳಕೊಳ್ಳಲಿ ಅಂತನ ಆ ಆಟ. ಬಿಚ್ಚಿ ನೋಡಿದ್ರ ಅದ ಐದು ಸೆಲ್. ಪೂರ್ತಿ ತುಂಬಿದಾಗ ಒಂದು ಸೆಲ್ 4.2 ವೋಲ್ಟ್, ಐದಕ್ಕ 21. ಖರೇನ 88 ವೋಲ್ಟ್ ಬೇಕಂದ್ರ 20ರ ಮ್ಯಾಲ ಸೆಲ್ ಬೇಕು, ಒಂದು ಕಿಲೋ ಸೆಲ್ಲಿನ ಭಾರನ ಆತು. ಎತ್ತಿ ನೋಡಿದ್ರ ಸುಳ್ಳು ತಿಳೀತೈತಿ, ತಕ್ಕಡಿ ಬ್ಯಾಡ. 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್ ಅಂತ ಮೂರು ಕಂಪನಿ ಮೂರು ಥರ ಬರದಿರ್ತಾವಲ್ಲ, ಅವೂ ಎಲ್ಲಾ ಐದ ಸೆಲ್ಲಿನವ. ಹೆಚ್ಚಿನ ನಂಬರಿಗೆ ಹೆಚ್ಚಿನ ರೊಕ್ಕ ಕೊಡಬ್ಯಾಡ್ರಿ.

ಹಂಗಂತ ದೊಡ್ಡ ಬ್ಯಾಟರಿ ಎಲ್ಲಿಯೂ ಬ್ಯಾಡ ಅಂತ ನಾ ಹೇಳಂಗಿಲ್ಲ. ಟೊಂಗಿ ಕೊಯ್ಯೂ ಗರಗಸ, ಹುಲ್ಲು ಕತ್ತರಿಸೂ ಮಷೀನು ಒಂದ ಸಮ ಜೋರ ಎಳೀತಾವ. ಎರಡು ಸಾಲು ಸೆಲ್ ಇದ್ರ ಆ ಎಳತ ಹಂಚಿ ಹೋಗ್ತೈತಿ, ಬ್ಯಾಟರಿ ಬಿಸಿ ಆಗೂದು ಕಡಿಮಿ. ಅಲ್ಲಿ 4 ಎಎಚ್ ತಗೋರಿ. ಸ್ಲ್ಯಾಬಿಗೆ ಫ್ಯಾನಿನ ಹುಕ್ಕು ಹಾಕೂದಿದ್ರ ಮಾತ್ರ ಎಂಥಾ ಬ್ಯಾಟರಿ ಹಾಕಿದ್ರೂ ಮನಿ ಡ್ರಿಲ್ ಒದ್ದಾಡ್ತೈತಿ. ಅದು ವೈರಿನ ಹ್ಯಾಮರ್ ಮಷೀನಿನ ಕೆಲಸ, ಬಾಡಿಗಿಗೆ ತಂದು ಮುಗಿಸಿ ಕೊಟ್ಟುಬಿಡ್ರಿ.

ಖಾನಾಪುರದ ನಮ್ಮ ತಂಗಿಯರಿಗೆ ಇದಕ್ಕಿಂತ ದೊಡ್ಡ ಮಾತು ಔಷಧ ಹೊಡಿಯೂ ಬ್ಯಾಟರಿ ಪಂಪಿಂದು. ಗಂಡ ಗೋವಾಕ್ಕ ದುಡಿಯಾಕ ಹೋದ ಮನ್ಯಾಗ ಆ ಪಂಪು ಏರೂದು ಹೆಣ್ಮಗಳ ಬೆನ್ನ ಮ್ಯಾಲ. 16 ಲೀಟರಿನ ಟಾಕಿ ತುಂಬಿದ್ರ ನೀರ ಮಾತ್ರ 16 ಕಿಲೋ. ಇದರಾಗ ಹಳೇ ಪದ್ಧತಿ ಸೀಸದ ಬ್ಯಾಟರಿ ಇರ್ತಾವ, 12 ವೋಲ್ಟಿನವು. 8 ಎಎಚ್ ಇದ್ದದ್ದು ಎರಡರಿಂದ ಎರಡೂವರಿ ಕಿಲೋ, 12 ಎಎಚ್ ಇದ್ದದ್ದು ಮೂರು ಕಿಲೋ ದಾಟ್ತೈತಿ. ಅಂಗಡಿಯವರು 12ರದ್ದು ತೋರಸ್ತಾರ, "ತಾಕತ್ತು ಜಾಸ್ತಿ" ಅಂತಾರ. ಯಾವ ತಾಕತ್ತು? ಎರಡೂ 12 ವೋಲ್ಟ್, ಒಂದ ಮೋಟಾರ್. ಔಷಧ ಅಷ್ಟ ಜೋರಿಲೆ ಬೀಳ್ತೈತಿ.

ಎಷ್ಟು ಸಾಕು ಅನ್ನೂದನ್ನ ನೋಡ್ರಿ. ಭತ್ತದ ಗದ್ದಿಗೆ ಎಕರೆಕ್ಕ 200 ಲೀಟರ್ ಅಂತ ಹಿಡಿದ್ರ 12-13 ಟಾಕಿ. ಮೋಟಾರ್ ಎರಡೂವರಿ ಆಂಪಿಯರ್ ಎಳೀತು ಅಂದ್ರ 8 ಎಎಚ್ ಮೂರು ತಾಸು ನಡೀಬೇಕು. ಒಂದು ಟಾಕಿ ಖಾಲಿ ಆಗಾಕ ಎಂಟು-ಹತ್ತು ನಿಮಿಷ, 13 ಟಾಕಿಗೆ ಎರಡು ತಾಸು ಚಿಲ್ರೆ. ಒಂದೆಕರೆ ಮುಗದ ಮ್ಯಾಲೂ ಬ್ಯಾಟರಿ ಉಳೀತೈತಿ. 13 ಸಲ ಆ ಭಾರ ಹೊತ್ತ ಬೆನ್ನಿಗೆ ಹದಿನಾಕನೇದ್ದು ಹೊರಸಾಕ ನಿಂತಾವ ಮನಿಶ್ಯಾನ ಅಲ್ಲ. ಬ್ಯಾಟರಿಗಿಂತ ಮೊದ್ಲ ಹೊತ್ತವಳು ಸೋಲ್ತಾಳ. ಹಂಗಿದ್ದಾಗ ಒಂದು ಕಿಲೋ ಹೆಚ್ಚಿಗೆ ಸೀಸ ಯಾರ ಸುಖಕ್ಕ ಹೊರೂದು? ಲಿಥಿಯಂ ಬ್ಯಾಟರಿದ ಪಂಪೂ ಬಂದಾವ, ರೇಟು ಹೆಚ್ಚು, ಭಾರ ಭಾಳ ಕಡಿಮಿ. ಹೊಸಾದು ತಗೊಳ್ಳೂ ಮನಿಯವರು ಟ್ರ್ಯಾಕ್ಟರ್ ಬಾಡಿಗಿ ಲೆಕ್ಕ ಹಾಕಿದಂಗ ಇದರ ಲೆಕ್ಕಾನೂ ಹಾಕ್ರಿ, ಬೆನ್ನಿನ ಖರ್ಚು ಕೂಡಿಸಿ.

ಅಂಗಡ್ಯಾಗ ಹೆಣ್ಮಕ್ಕಳು ಕೇಳಿದ್ರ "ಮನಿಯವರನ್ನ ಕರ್ಕೊಂಡು ಬರ್ರಿ" ಅನ್ನಾವರು ಇನ್ನೂ ಅದಾರ. ನಕ್ರ ನಗ್ಲಿ. ಬ್ಯಾಟರಿ ಹಾಕಿಸಿ ಡ್ರಿಲ್ ಕೈಯಾಗ ತಗೊಂಡು, ತಲಿ ಮ್ಯಾಲ ಎತ್ತಿ ಅಲ್ಲೇ ನೂರು ಎಣಿಸ್ರಿ. ಕೈ ನಡುಗಿದ್ರ ಕೆಳಗಿಟ್ಟು 12 ವೋಲ್ಟಿನ ಸಣ್ಣದು ತೋರಸು ಅನ್ರಿ. ಮೂರ ಸೆಲ್ಲಿಂದು, ಸ್ಕ್ರೂ ಬಿಗಿಯಾಕ, ಕಟಗಿಗೆ ತೂತು ಹಾಕಾಕ ಸಾಕಷ್ಟಾತು. ಒಂದು ಕಂಪನಿ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಮಷೀನಿಗೆ ಕೂಡೂದಿಲ್ಲ, ಅದನ್ನೂ ಕೇಳಿ ತಗೋರಿ.

ಮನಿಗೆ ತಂದ ಮ್ಯಾಲ ರಾತ್ರಿಯೆಲ್ಲಾ ಚಾರ್ಜಿಗೆ ಹಚ್ಚೂದು, ಪೂರ್ತಿ ಸಾಯೂ ಮಟ ಬಳಸೂದು, ಇವೆಲ್ಲಾ ಹಳೇ ನಿಕಲ್ ಬ್ಯಾಟರಿ ಕಾಲದ ಮಾತು. ಲಿಥಿಯಮ್ಮಿಗೆ ಪೂರ್ತಿ ಸಾಯೂದು ಒಗ್ಗೂದಿಲ್ಲ. ತಿಂಗಳಗಟ್ಲೆ ಇಡೂದಿದ್ರ ಅರ್ಧ ತುಂಬಿಸಿ, ಒಲಿ ಕಡೆ ಬಿಟ್ಟು ತಣ್ಣನ್ನ ಒಣಾ ಜಾಗಾದಾಗ ಇಡ್ರಿ. ಮೊಳಿ, ಸ್ಕ್ರೂ ಇರೂ ಡಬ್ಬ್ಯಾಗ ಬ್ಯಾಡ, ಎರಡು ತುದಿ ಕೂಡಿದ್ರ ಕಿಡಿ ಹಾರ್ತಾವ. ಕೆಟ್ಟದ್ದನ್ನ ಕಸದ ಗಾಡ್ಯಾಗ ಒಗೀಬ್ಯಾಡ್ರಿ. 2022ರ ಬ್ಯಾಟರಿ ನಿಯಮದ ಪ್ರಕಾರ ಹಳೇದನ್ನ ತಿರುಗಿ ಕೂಡಿಸೂ ಜವಾಬ್ದಾರಿ ತಯಾರಕರದು, ತಂದ ಅಂಗಡ್ಯಾಗ ಕೇಳ್ರಿ.

ಬೆಂಗಳೂರಿಂದ ಸಾಂಬ್ರಾಕ್ಕ ವಿಮಾನದಾಗ ಬರೂ ಮಕ್ಕಳಿಗೂ ಒಂದು ಮಾತು ಹೇಳಿಡ್ರಿ. ಬಿಡಿ ಲಿಥಿಯಂ ಬ್ಯಾಟರಿ ಚೆಕ್-ಇನ್ ಬ್ಯಾಗಿನಾಗ ಹಾಕಾಂಗಿಲ್ಲ, ಕೈ ಚೀಲದಾಗ ತರಬೇಕು. ಡ್ರಿಲ್ ಮಾತ್ರ ಚೆಕ್-ಇನ್‌ದಾಗ. 100 ವ್ಯಾಟ್ ಅವರ್ ಮಟ ಯಾರ ಪರವಾನಗಿ ಬ್ಯಾಡ. 18 ವೋಲ್ಟ್ 5 ಎಎಚ್ ಅಂದ್ರ 90, ಪಾಸ್. 6 ಎಎಚ್ ಅಂದ್ರ 108, ಅದಕ್ಕ ವಿಮಾನ ಕಂಪನಿ ಒಪ್ಪಿಗಿ ಬೇಕು. ನಮ್ಮ 2 ಎಎಚ್ ಸಣ್ಣವು ಎರಡು ಸುಮ್ಮನ ಕೈ ಚೀಲದಾಗ ಬರ್ತಾವ.