ಸೇತುವೆಗೆ ಡಾಂಬರಿನ ತೇಪೆ

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿತು. ಪುಣ್ಯಕ್ಕೆ ಚಾಲಕ ಬದುಕಿ ಉಳಿದನು. ಇಂತಹ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಹೊಸ ಸೇತುವೆಯ ಬೇಡಿಕೆ ಏಳುತ್ತದೆ. ಉಳಿದ ಹಳೆಯವುಗಳ ಆರೋಗ್ಯವನ್ನು ವಿಚಾರಿಸುವವರು ವಿರಳ.

ಹತ್ತನೆಯ ತರಗತಿಯ ಮಕ್ಕಳಿಗೆ ಪ್ರನಾಳಗಳಲ್ಲಿ ಮೊಳೆಗಳನ್ನಿಟ್ಟು ತುಕ್ಕಿನ ಪ್ರಯೋಗ ತೋರಿಸುತ್ತಿದ್ದವನು ನಾನು. ಕಾಂಕ್ರೀಟ್ ಸೇತುವೆಯ ಹಾಸಿಗೆ ತಗಲುವ ಮುಖ್ಯ ರೋಗವೂ ಅದೇ. ಒಳ್ಳೆಯ ಕಾಂಕ್ರೀಟಿನ ಪಿಎಚ್ 12ಕ್ಕೂ ಮೇಲೆ. ಆ ಕ್ಷಾರಗುಣದಿಂದ ಒಳಗಿನ ಸರಳುಗಳ ಮೇಲೊಂದು ರಕ್ಷಣೆಯ ಪೊರೆ ಉಳಿದಿರುತ್ತದೆ. ಕರಾವಳಿಯ ಉಪ್ಪುಗಾಳಿಯ ಕ್ಲೋರೈಡ್ ಬಿರುಕುಗಳಲ್ಲಿ ಇಳಿದು ಸರಳನ್ನು ಮುಟ್ಟಿತೆಂದರೆ ಪೊರೆ ಹರಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸಿಡಿಯುತ್ತದೆ.

ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಮಾಡುವ ಚಿಕಿತ್ಸೆಯೆಂದರೆ ಗುಂಡಿಯ ಮೇಲೆ ಡಾಂಬರು! ಐದು ಸೆಂಟಿಮೀಟರ್ ದಪ್ಪದ ಒಂದು ಪದರವೇ ಚದರ ಮೀಟರಿಗೆ ನೂರು ಕಿಲೋಗೂ ಮಿಕ್ಕ ಭಾರ. ಪದರದ ಮೇಲೆ ಪದರ ಏರಿದಂತೆ ನೀರಿಳಿಯುವ ಕಿಂಡಿಗಳೂ ಮುಚ್ಚಿಹೋಗುತ್ತವೆ. ರೋಗಿಗೆ ಹೊಸ ಅಂಗಿ ತೊಡಿಸಿ ವಾಸಿಯಾಯಿತೆನ್ನುವ ವೈದ್ಯವಿದು.

ಸರಿಯಾದ ದಾರಿ ಬೇರೆಯಿದೆ. ಹಲಸಿನ ಹಣ್ಣನ್ನು ತಟ್ಟಿ ನೋಡುವಂತೆ ಹಾಸನ್ನು ಸುತ್ತಿಗೆಯಿಂದ ತಟ್ಟುತ್ತ ಹೋದರೆ ಪೊಳ್ಳಾದ ಭಾಗ ದನಿಯಿಂದಲೇ ತಿಳಿಯುತ್ತದೆ. ಆ ಭಾಗವನ್ನು ಅತಿ ಒತ್ತಡದ ನೀರಿನ ಧಾರೆಯಿಂದ ಕೊರೆದು ತೆಗೆಯುವ ಕ್ರಮವಿದೆ. ಒಡೆಯುವ ಯಂತ್ರದ ಬಡಿತದಿಂದ ಗಟ್ಟಿ ಕಾಂಕ್ರೀಟಿನಲ್ಲೂ ಏಳುವ ಸೂಕ್ಷ್ಮ ಬಿರುಕುಗಳು ಇದರಲ್ಲಿಲ್ಲ. ತುಕ್ಕು ಕಳೆದು, ತೇಪೆಯ ಅಂಚಿನಲ್ಲಿ ಸರಳಿಗೆ ಸತುವಿನ ತುಂಡುಗಳನ್ನು ಕಟ್ಟುತ್ತಾರೆ. ಕಬ್ಬಿಣದ ಬದಲು ಸತುವೇ ಸವೆಯುತ್ತದೆ. ಹಾಗೆ ಮಾಡದಿದ್ದರೆ ಹೊಸ ತೇಪೆಯ ಸುತ್ತಲಿನ ಹಳೆಯ ಭಾಗವೇ ಬೇಗ ತುಕ್ಕು ಹಿಡಿಯುವುದುಂಟು.

ಸ್ವಿಟ್ಜರ್ಲೆಂಡಿನ ಶಿಯೋನ್ ಮೇಲ್ಸೇತುವೆಗಳು 1969ರವು. ಎರಡು ಕಿಲೋಮೀಟರಿಗೂ ಉದ್ದದ ಅವುಗಳ ಹಾಸು ಕ್ಷಾರಕ್ಕೂ ಜಲ್ಲಿಗೂ ನಡುವಣ ರಾಸಾಯನಿಕ ಕ್ರಿಯೆಯಿಂದ ಬಲಗುಂದುತ್ತಿತ್ತು. 2014 ಮತ್ತು 2015ರಲ್ಲಿ, ಸರಳು ಹುದುಗಿಸಿದ, ಉಕ್ಕಿನ ಎಳೆ ಬೆರೆಸಿದ ಅತಿದೃಢ ಕಾಂಕ್ರೀಟಿನ ಸುಮಾರು 40 ಮಿಲಿಮೀಟರ್ ಪದರವನ್ನು ಹಾಸಿ ಅವನ್ನು ಉಳಿಸಿಕೊಂಡರು. ನಮ್ಮ ಪಟನಾದ ಮಹಾತ್ಮ ಗಾಂಧಿ ಸೇತುವಿನಲ್ಲಿ ಹಾಸನ್ನೇ ಉಳಿಸಲಾಗಲಿಲ್ಲ. ಆದರೂ ಹಳೆಯ ಕಂಬಗಳ ಮೇಲೆಯೇ ಉಕ್ಕಿನ ಮೇಲ್ಕಟ್ಟು ಕೂರಿಸಿ 2022ರಲ್ಲಿ ಪೂರ್ಣಗೊಳಿಸಿದರು. ಸುಣ್ಣಕಲ್ಲು ಸುಟ್ಟು ಸಿಮೆಂಟು ಮಾಡುವಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಲೆಕ್ಕಕ್ಕೆ ಹಿಡಿದರೆ, ಉಳಿಸಿಕೊಂಡ ಪ್ರತಿ ಕಂಬವೂ ಲಾಭವೇ.

ಇವೆಲ್ಲ ದುಬಾರಿ ಎಂದು ಕೆಲವರು ಹೇಳಬಹುದು. ದುಬಾರಿಯೇ ಹೌದು. ಆದರೆ ಕಿಂಡಿಗಳ ಹೂಳು ತೆಗೆಯಲು ಒಂದು ಹಾರೆ, ಇಬ್ಬರು ಆಳುಗಳು ಸಾಕು. ಅದಕ್ಕೆ ಉದ್ಘಾಟನೆಯ ಕಲ್ಲು ನೆಡಲಾಗದು, ಅದೊಂದೇ ಕೊರತೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಆ ಕೆಲಸ ಮುಗಿಯಲಿ. ಸೇತುವೆಯ ತಪಾಸಣಾ ವರದಿಯನ್ನು ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಎಲ್ಲರೂ ಓದುವಂತೆ ಅಂಟಿಸಲಿ.